ಪಿಯಾನೊ ಯಾರ ಕೈಯಲ್ಲಿತ್ತು?

(ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ಒಂದು ರೆಕಾರ್ಡ್ ಬಗ್ಗೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕ್ಯಾಸೆಟ್ ಕಥೆ ಹೇಳಿಬಿಡುತ್ತೇನೆ.

ನಾನು ಕಾಲೇಜಿನಲ್ಲಿದ್ದಾಗ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದವು. ಖಾಲಿ ಕ್ಯಾಸೆಟ್ ಕೊಟ್ಟು, ಚೀಟಿಯಲ್ಲಿ ಹಾಡುಗಳ ಹೆಸರು ಬರೆದುಕೊಟ್ಟು ಬರಬೇಕು. ಎರಡು ದಿನ ಬಿಟ್ಟು ಹೋಗಿ ತರಬೇಕು. ಒಂದು ಸಲ ನನ್ನ ಪಟ್ಟಿ ಸಣ್ಣದಿತ್ತು, ಕ್ಯಾಸೆಟ್ಟಿನ ಒಂದು ಕಡೆ ಪೂರ್ತಿ ಖಾಲಿ ಉಳಿಯಿತು. ಅಂಗಡಿಯ ಹುಡುಗ ತಾನಾಗಿಯೇ ಅದರಲ್ಲಿ ಒಂದು ಇಡೀ ಎಲ್‌ಪಿ (ಹಲವು ಹಾಡಿನ ದೊಡ್ಡ ರೆಕಾರ್ಡ್) ತುಂಬಿಸಿಕೊಟ್ಟ. 'ಸುಮ್ನೆ ಕೇಳಿ ನೋಡಿ' ಅಂದ. ದುಡ್ಡೂ ಜಾಸ್ತಿ ತಗೊಳ್ಳಲಿಲ್ಲ.

ಅದು 60 ನಿಮಿಷದ ಕ್ಯಾಸೆಟ್. ಒಂದು ಕಡೆಗೆ 30 ನಿಮಿಷ. ಎಲ್‌ಪಿ ಇದ್ದದ್ದು ಸುಮಾರು 33 ನಿಮಿಷ. ಲೆಕ್ಕ ನಿಮಗೇ ಗೊತ್ತಾಯಿತು. ಕೊನೆಯ ಹಾಡು ಶುರುವಾಗಿ ಒಂದೂವರೆ ನಿಮಿಷಕ್ಕೆ ಟಕ್ ಅಂತ ನಿಂತುಹೋಗುತ್ತಿತ್ತು. ಆ ಹಾಡಿನ ಉಳಿದ ಭಾಗ ಕೇಳಲು ನನಗೆ ಹತ್ತು ವರ್ಷ ಬೇಕಾಯಿತು. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಹಾಡಿದ್ದು ಅರೀಥಾ ಫ್ರಾಂಕ್ಲಿನ್. ಎಲ್‌ಪಿಯ ಹೆಸರು 'ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯೂ'. ಉದ್ದ ಹೆಸರು. ಅಟ್ಲಾಂಟಿಕ್ ಕಂಪನಿ ಇದನ್ನು 1967ರ ಮಾರ್ಚ್ 10ರಂದು ಹೊರಗೆ ತಂದಿತು. ಅದಾದ ಹದಿನೈದು ದಿನಕ್ಕೆ ಆಕೆಗೆ 25 ತುಂಬಿತು. ಇದನ್ನೇ ಎಲ್ಲರೂ ಅರೀಥಾಳ ಕೈ ಹಿಡಿದ ಎಲ್‌ಪಿ ಅನ್ನುತ್ತಾರೆ. ನಿಜ. ಆದರೆ ಜನ ಅದನ್ನು ಹೇಳುವ ಧಾಟಿಯಲ್ಲಿ ಒಂದು ತಪ್ಪಿದೆ ಅಂತ ನನಗೆ ಅನ್ನಿಸುತ್ತದೆ. ಎಲ್ಲಿಂದಲೋ ಒಂದು ಹೊಸ ದನಿ ಬಂತು, ಜಗತ್ತು ಬೆರಗಾಯಿತು ಅನ್ನೋ ಹಾಗೆ ಹೇಳುತ್ತಾರೆ. ಆ ದನಿ ಹೊಸದಾಗಿರಲಿಲ್ಲ. ಆರು ವರ್ಷದಿಂದ ಅಂಗಡಿಗಳಲ್ಲಿ ಮಾರಾಟಕ್ಕಿತ್ತು!

1960ರಲ್ಲಿ, ಅರೀಥಾಗೆ 18 ವರ್ಷವಾಗಿದ್ದಾಗ, ಕೊಲಂಬಿಯಾ ಕಂಪನಿಯ ಜಾನ್ ಹ್ಯಾಮಂಡ್ ಆಕೆಯನ್ನು ಕರೆತಂದರು. ಹ್ಯಾಮಂಡ್ ಅಂದರೆ ಸಾಮಾನ್ಯರಲ್ಲ. ಜಾಝ್ ಗಾಯಕಿ ಬಿಲಿ ಹಾಲಿಡೇಯನ್ನು ಗುರುತಿಸಿದ ಕಿವಿ ಅದು. ಮರುವರ್ಷ ಬಾಬ್ ಡಿಲನ್‌ನನ್ನೂ ಅವರೇ ಕರೆತಂದರು. ಹಾಗಾಗಿ ಕೊಲಂಬಿಯಾದವರಿಗೆ ಕಿವಿ ಇರಲಿಲ್ಲ ಅನ್ನೋ ಹಾಗಿಲ್ಲ. ಎಲ್‌ಪಿ ಮೇಲೆ ಎಲ್‌ಪಿ ಬಂತು. ಜಾಝ್ ಹಾಡಿಸಿದರು, ನಾಟಕದ ಹಳೇ ಹಾಡು ಹಾಡಿಸಿದರು, ಹಿಂದೆ ಪಿಟೀಲುಗಳ ಸಾಲು ಕೂರಿಸಿ ನಯವಾದ ಪ್ರೇಮಗೀತೆ ಹಾಡಿಸಿದರು. ಅಷ್ಟು ವರ್ಷದಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಸಾಮಾನ್ಯ ಪಟ್ಟಿಯ ಮೊದಲ 40ರೊಳಗೆ ಬಂದದ್ದು ಒಂದೇ ಹಾಡು. ಅದೂ 37ನೇ ಜಾಗಕ್ಕೆ.

ಆ ರೆಕಾರ್ಡುಗಳು ಕೆಟ್ಟವೇನಲ್ಲ, ಕೇಳಿ ನೋಡಿ. ಕೆಲವು ಹಾಡಿಗೆ ಆಕೆಯೇ ಪಿಯಾನೊ ನುಡಿಸಿದ್ದೂ ಉಂಟು. ಆದರೆ ಬಹುಪಾಲು ಹಾಡಿನಲ್ಲಿ ಆಕೆ ಬೇರೆಯವರ ಮನೆಗೆ ಊಟಕ್ಕೆ ಹೋದವಳ ಹಾಗೆ ಕೇಳಿಸುತ್ತಾಳೆ. ಬಡಿಸಿದ್ದನ್ನು ಅಚ್ಚುಕಟ್ಟಾಗಿ ಉಣ್ಣುತ್ತಾಳೆ. ಇನ್ನೊಂದು ಸ್ವಲ್ಪ ಹಾಕಿ ಅನ್ನೋದಿಲ್ಲ.

ಹಾಗಾದರೆ ಆಕೆಯ ಸ್ವಂತ ಮನೆ ಯಾವುದು? ಹುಟ್ಟಿದ್ದು 1942ರಲ್ಲಿ, ಟೆನೆಸಿಯ ಮೆಂಫಿಸ್‌ನಲ್ಲಿ. ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ಅಪ್ಪ ಸಿ. ಎಲ್. ಫ್ರಾಂಕ್ಲಿನ್ ಅಲ್ಲಿನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ದೊಡ್ಡ ಮಾತುಗಾರ. ಅವರ ಪ್ರವಚನಗಳೇ ರೆಕಾರ್ಡಾಗಿ ಮಾರಾಟವಾಗುತ್ತಿದ್ದವು. ಅವರ ಮಾತಿನ ಧಾಟಿ ನಮಗೆ ಹೊಸದಲ್ಲ. ಹರಿಕಥೆ ದಾಸರು ಮಾತಾಡುತ್ತಾ ಆಡುತ್ತಾ ಯಾವ ಗಳಿಗೆಯಲ್ಲಿ ಹಾಡಿಗೆ ಜಾರಿದರು ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ? ಫ್ರಾಂಕ್ಲಿನ್ ಪ್ರವಚನವೂ ಹಾಗೇ. ಮೆಲ್ಲಗೆ ಶುರುವಾಗಿ, ಮಾತಿಗೆ ಶ್ರುತಿ ಹತ್ತಿ, ಕೊನೆಗೆ ಕೂಗೂ ಹಾಡೂ ಒಂದಾಗುತ್ತದೆ. ಕೂತ ಜನ ಸುಮ್ಮನಿರುವುದಿಲ್ಲ. ಪಾದ್ರಿಯ ಒಂದೊಂದು ಮಾತಿಗೂ ಉತ್ತರ ಕೊಡುತ್ತಾರೆ. ಅವರ ಮನೆಗೆ ಮಹಾಲಿಯಾ ಜ್ಯಾಕ್ಸನ್, ಕ್ಲಾರಾ ವಾರ್ಡ್ ಥರದ ದೊಡ್ಡ ಭಕ್ತಿಗೀತೆಯ ಗಾಯಕಿಯರು ಬಂದು ಹೋಗುತ್ತಿದ್ದರು. ಹುಡುಗಿ ಪಿಯಾನೊ ಕಲಿತದ್ದು ಹೆಚ್ಚಾಗಿ ಕಿವಿಯಿಂದಲೇ. ಅಪ್ಪನ ಚರ್ಚಿನಲ್ಲೇ ಪಿಯಾನೊ ಮುಂದೆ ಕೂತು ಹಾಡುತ್ತಿದ್ದಳು.

ಇದೊಂದು ವಿಷಯದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನನ್ನ ಇವತ್ತಿನ ಮಾತೆಲ್ಲ ಇದರ ಮೇಲೇ ನಿಂತಿದೆ. ಭಜನೆ ಮಂಡಳಿ ನೋಡಿದ್ದೀರಿ. ಹಾಡುವವರು ಒಬ್ಬರು, ಹಾರ್ಮೋನಿಯಂ ಹಿಡಿದವರು ಇನ್ನೊಬ್ಬರು ಅಂದುಕೊಳ್ಳಿ. ಹಾಡುವವರಿಗೆ ಒಂದು ಸಾಲನ್ನು ಇನ್ನೂ ಎರಡು ಸಲ ಎಳೆಯಬೇಕು ಅನ್ನಿಸುತ್ತದೆ. ಅಷ್ಟರಲ್ಲಿ ಹಾರ್ಮೋನಿಯಂ ಮುಂದಿನ ಸಾಲಿಗೆ ಹೋಗಿಬಿಟ್ಟಿರುತ್ತದೆ. ಇವರು ಓಡಿ ಹೋಗಿ ಸೇರಿಕೊಳ್ಳಬೇಕು. ಅದೇ ಹಾಡುವವರ ಕೈಯಲ್ಲೇ ಹಾರ್ಮೋನಿಯಂ ಇದ್ದರೆ? ಅವರು ಎಲ್ಲಿ ನಿಂತರೆ ಹಾಡು ಅಲ್ಲೇ ನಿಲ್ಲುತ್ತದೆ. ಉಸಿರು ತಗೊಳ್ಳುವಾಗ ಬೆರಳು ಮಾತಾಡುತ್ತದೆ, ಬೆರಳು ಸುಮ್ಮನಾದಾಗ ಗಂಟಲು. ತಬಲಾದವರೂ ತಾಳದವರೂ ಅವರ ಮುಖ ನೋಡಿಕೊಂಡು ಹೋಗುತ್ತಾರೆ. ಹಾಡಿನ ಯಜಮಾನಿಕೆಯೇ ಬದಲಾಗಿಬಿಡುತ್ತದೆ.

ಈ ಯಜಮಾನಿಕೆ ಅರೀಥಾಗೆ ಚರ್ಚಿನಲ್ಲಿ ಹತ್ತು ಹನ್ನೆರಡರ ವಯಸ್ಸಿನಿಂದಲೇ ಇತ್ತು. ನ್ಯೂಯಾರ್ಕಿನ ದೊಡ್ಡ ಸ್ಟುಡಿಯೊಗೆ ಬಂದಮೇಲೆ ಅದು ಮೆಲ್ಲಗೆ ಕೈ ತಪ್ಪಿತು. ಮೈಕ್ ಮುಂದೆ ನಿಲ್ಲು, ಹಾಡು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಅನ್ನೋ ಪದ್ಧತಿ.

1966ರ ಕೊನೆಯಲ್ಲಿ ಕೊಲಂಬಿಯಾ ಒಪ್ಪಂದ ಮುಗಿಯಿತು. ಅಟ್ಲಾಂಟಿಕ್‌ನ ಜೆರ್ರಿ ವೆಕ್ಸ್‌ಲರ್ ಕಾದು ಕೂತಿದ್ದವರ ಹಾಗೆ ಆಕೆಯನ್ನು ಕರೆದುಕೊಂಡರು. ಈ ವೆಕ್ಸ್‌ಲರ್ ಮೊದಲು ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ವರದಿಗಾರರಾಗಿದ್ದವರು. ಕರಿಯರ ಸಂಗೀತವನ್ನು ಆಗ 'ರೇಸ್ ರೆಕಾರ್ಡ್ಸ್' ಅಂತ ಬೇರೆ ಪಂಕ್ತಿಯಲ್ಲಿ ಕೂರಿಸುತ್ತಿದ್ದರು. ಆ ಹೆಸರು ತೆಗೆದು 1949ರಲ್ಲಿ 'ರಿದಮ್ ಆಂಡ್ ಬ್ಲೂಸ್' ಅನ್ನೋ ಹೆಸರು ಹಾಕಿಸಿದವರು ಇವರೇ. ಪಂಕ್ತಿಭೇದ ಹೋಗಲಿಲ್ಲ ಬಿಡಿ, ಹೆಸರಾದರೂ ಸ್ವಲ್ಪ ಮರ್ಯಾದೆಯದಾಯಿತು.

ವೆಕ್ಸ್‌ಲರ್ ಆಕೆಯನ್ನು ಕರೆದುಕೊಂಡು ಹೋದದ್ದು ಅಲಬಾಮದ ಮಸಲ್ ಶೋಲ್ಸ್ ಅನ್ನೋ ಸಣ್ಣ ಊರಿಗೆ. ಟೆನೆಸಿ ನದಿಯ ದಂಡೆ. ಅಲ್ಲಿ ರಿಕ್ ಹಾಲ್ ಅನ್ನುವವರ ಫೇಮ್ ಸ್ಟುಡಿಯೊ. ಹಿಂದಿನ ವರ್ಷ ಗಾಯಕ ವಿಲ್ಸನ್ ಪಿಕೆಟ್ ಇಲ್ಲೇ ಹಾಡಿ ಗೆದ್ದಿದ್ದರು. ಅಲ್ಲಿನ ವಾದ್ಯದವರು ಎಂಥ ಕಪ್ಪು ಸಂಗೀತ ನುಡಿಸುತ್ತಿದ್ದರು ಅಂದರೆ, ಬರೀ ರೆಕಾರ್ಡು ಕೇಳಿದವರು ಇವರೆಲ್ಲ ಕರಿಯರೇ ಅಂದುಕೊಳ್ಳುತ್ತಿದ್ದರು. ಎಲ್ಲರೂ ಬಿಳಿಯ ಹುಡುಗರು. ಡ್ರಮ್ಸ್‌ಗೆ ರೋಜರ್ ಹಾಕಿನ್ಸ್, ಗಿಟಾರ್‌ಗೆ ಜಿಮ್ಮಿ ಜಾನ್ಸನ್, ಕೀಬೋರ್ಡಿಗೆ ಸ್ಪೂನರ್ ಓಲ್ಡ್‌ಹ್ಯಾಮ್. ಮೆಂಫಿಸ್ ಕಡೆಯಿಂದ ಚಿಪ್ಸ್ ಮೋಮನ್, ಟಾಮಿ ಕಾಗ್‌ಬಿಲ್ ಬಂದು ಸೇರಿಕೊಂಡರು. ಇದು ಅಲಬಾಮ ಅನ್ನೋದು ನೆನಪಿರಲಿ. ಅಲ್ಲಿನ ಸೆಲ್ಮಾ ಊರಿನ ಸೇತುವೆ ಮೇಲೆ, ಕರಿಯರ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟ ಜನಕ್ಕೆ ಪೊಲೀಸರು ಹೊಡೆದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಡೆಟ್ರಾಯಿಟ್‌ನ ಕಪ್ಪು ಹೆಣ್ಣುಮಗಳು ಒಳಗೆ ಕಾಲಿಟ್ಟಾಗ ವಾದ್ಯದವರಲ್ಲಿ ಕಂಡದ್ದೆಲ್ಲ ಬಿಳಿ ಮುಖ. ಅಂದು 1967ರ ಜನವರಿ 24.

ಮೊದಲ ಹಾಡು, ಎಲ್‌ಪಿಗೆ ಹೆಸರು ಕೊಟ್ಟ ಅದೇ ಹಾಡು, ರಾನಿ ಶ್ಯಾನನ್ ಬರೆದದ್ದು. ಮಾದರಿಗೆ ಅಂತ ಕೇಳಿಸಿದ ಟೇಪಿನಿಂದ ವಾದ್ಯದವರಿಗೆ ತಲೆಬುಡ ಗೊತ್ತಾಗಲಿಲ್ಲ. ಹೇಗೆ ಶುರು ಮಾಡೋದು ಅಂತ ಎಲ್ಲರೂ ಒದ್ದಾಡುತ್ತಿದ್ದಾರೆ. ಅಷ್ಟರಲ್ಲಿ ಅರೀಥಾ ಪಿಯಾನೊ ಮುಂದೆ ಕೂತು ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಕೆಲವು ಸ್ವರ) ಒತ್ತಿದಳಂತೆ. ಅಲ್ಲಿದ್ದವರು ಎಷ್ಟೋ ವರ್ಷ ಅದೊಂದು ಕಾರ್ಡಿನ ಮಾತೇ ಆಡಿದರು. ತಮ್ಮ ತಮ್ಮ ಕೆಲಸದಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ಪಿಯಾನೊ ನುಡಿಸಲು ಕೂಲಿ ಗೊತ್ತಾಗಿದ್ದವನು ಓಲ್ಡ್‌ಹ್ಯಾಮ್. ಅವನೇ ಹೇಳಿದ, ಪಿಯಾನೊ ಆಕೆಯೇ ನುಡಿಸಲಿ, ನಾನು ಪಕ್ಕದಲ್ಲಿ ಎಲೆಕ್ಟ್ರಿಕ್ ಪಿಯಾನೊ ನೋಡಿಕೊಳ್ಳುತ್ತೇನೆ ಅಂತ.

ಈ ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಮನುಷ್ಯ ಇವನು. ತನ್ನ ಕುರ್ಚಿ ತಾನೇ ಬಿಟ್ಟುಕೊಟ್ಟ. ಪಕ್ಕಕ್ಕೆ ಸರಿದು ಕೂತವನು ಸುಮ್ಮನೆ ಕೂರಲೂ ಇಲ್ಲ.

(ಇಲ್ಲಿ ಆ ಹಾಡಿನ ಮೊದಲ ಅರ್ಧ ನಿಮಿಷವನ್ನು ಮೂರು ಸಲ ಹಾಕಿದೆ.)

ಕೇಳಿದಿರಲ್ಲ. ಮೊದಲು ಬಂದದ್ದು ಎಲೆಕ್ಟ್ರಿಕ್ ಪಿಯಾನೊ, ಅದು ಓಲ್ಡ್‌ಹ್ಯಾಮ್. ಸ್ವಲ್ಪ ಗೊಗ್ಗರು ದನಿಯ ಸಣ್ಣ ಪಲುಕು. ಹೇಳಿದ್ದನ್ನೇ ಹೇಳುತ್ತಾ ಹೋಗುತ್ತದೆ. ನಡೆ ನೋಡಿ, ಒಂದೆರಡುಮೂರು, ಒಂದೆರಡುಮೂರು. ನಮ್ಮ ತಿಶ್ರ. ಡ್ರಮ್ಸ್ ಯಾವ ಅವಸರವೂ ಇಲ್ಲದೆ ಬರುತ್ತದೆ. ಅರೀಥಾ ಶುರು ಮಾಡೋದು ಅಂಥ ದೊಡ್ಡ ದನಿಯಲ್ಲೇನಲ್ಲ. ಎದುರಿಗೆ ನಿಂತ ಗಂಡಸಿಗೆ ನೀನು ಸುಳ್ಳ, ನೀನು ಮೋಸಗಾರ ಅಂತ ಲೆಕ್ಕ ಒಪ್ಪಿಸುವ ದನಿ. ಆಮೇಲೆ ಆಕೆಯ ಸ್ವಂತ ಪಿಯಾನೊ ಕೆಳಗಿನಿಂದ ಎದ್ದು ಬರುತ್ತದೆ. ಗಂಟಲು ಮೇಲಕ್ಕೆ ಹೋದಾಗ ಎಡಗೈ ಕೆಳಗೆ ಗಟ್ಟಿಯಾಗಿ ಒತ್ತುತ್ತದೆ. ಒಂದು ಕಡೆ ಎಲ್ಲ ವಾದ್ಯಗಳೂ ನಿಂತುಬಿಡುತ್ತವೆ, ದನಿ ಒಂದೇ ಉಳಿಯುತ್ತದೆ. ಚರ್ಚಿನಲ್ಲಿ ಪಾದ್ರಿ ಸುಮ್ಮನಾದಾಗ ಜನ ಉಸಿರು ಹಿಡಿಯುತ್ತಾರಲ್ಲ, ಅದೇ. ಹಾಡುವ ವಿಷಯ ಮಾತ್ರ ದೇವರದಲ್ಲ.

ಕೆಲವೇ ಗಂಟೆಯಲ್ಲಿ ಹಾಡು ಸಿದ್ಧವಾಯಿತು. ಎಲ್ಲರೂ ಕುಣಿದಾಡಿದರು. ಮುಂದಿನದು 'ಡೂ ರೈಟ್ ವುಮನ್'. ವಾದ್ಯದ ಪಾಲು ಮಾತ್ರ ಆಯಿತು. ಅಷ್ಟರಲ್ಲಿ ಜಗಳ.

ಅರೀಥಾಳ ಗಂಡ ಟೆಡ್ ವೈಟ್, ಆಕೆಯ ಮ್ಯಾನೇಜರ್ ಕೂಡ. ಅವನಿಗೂ ತುತ್ತೂರಿ ಊದುತ್ತಿದ್ದ ಒಬ್ಬನಿಗೂ ಮಾತಿಗೆ ಮಾತು ಬೆಳೆಯಿತು. ಬಾಟಲಿ ಬೇರೆ ಓಡಾಡುತ್ತಿತ್ತು. ಯಾರು ಏನಂದರು ಅನ್ನೋದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ರಾತ್ರಿ ರಿಕ್ ಹಾಲ್ ರಾಜಿ ಮಾಡಿಸುತ್ತೇನೆ ಅಂತ ಮೋಟೆಲಿಗೆ ಹೋದರು. ಹೋಗುವ ಮುಂಚೆ ಅವರೂ ಕುಡಿದಿದ್ದರು. ರಾಜಿಗೆ ಹೋದವರು ಕೈ ಕೈ ಮಿಲಾಯಿಸಿ ಬಂದರು. ಬೆಳಗಾಗುತ್ತಲೇ ಗಂಡ ಹೆಂಡತಿ ಊರು ಬಿಟ್ಟರು. ವಾರವಿಡೀ ಕೆಲಸ ಅಂದುಕೊಂಡಿದ್ದ ವೆಕ್ಸ್‌ಲರ್ ಕೈಯಲ್ಲಿ ಉಳಿದದ್ದು ಒಂದೂವರೆ ಹಾಡು.

ಆ ಒಂದನ್ನೇ ಕೆಲವು ಪ್ರತಿ ಮಾಡಿಸಿ ವೆಕ್ಸ್‌ಲರ್ ತಮಗೆ ಗೊತ್ತಿದ್ದ ರೇಡಿಯೊದವರಿಗೆ ಕಳಿಸಿದರು. ಅವರು ಹಾಕಿದ್ದೇ ತಡ, ಫೋನ್ ಮೇಲೆ ಫೋನ್. ರೆಕಾರ್ಡ್ ಎಲ್ಲಿ ಸಿಗುತ್ತೆ ಅಂತ. ರೆಕಾರ್ಡ್ ಎಲ್ಲಿದೆ? ಸಿಂಗಲ್ (ಎರಡು ಬದಿಗೆ ಒಂದೊಂದೇ ಹಾಡಿನ ಸಣ್ಣ ರೆಕಾರ್ಡ್) ಮಾಡಬೇಕು ಅಂದರೆ ಹಿಂದೆ ಇನ್ನೊಂದು ಹಾಡು ಬೇಕು. ಅದು ಅರ್ಧ ಬೆಂದಿದೆ. ಅರೀಥಾ ಕೆಲವು ದಿನ ಕೈಗೇ ಸಿಗಲಿಲ್ಲ.

ಕೊನೆಗೆ ಸಿಕ್ಕಳು. ನ್ಯೂಯಾರ್ಕಿನ ಅಟ್ಲಾಂಟಿಕ್ ಸ್ಟುಡಿಯೊದಲ್ಲಿ ಉಳಿದರ್ಧ ಮುಗಿಯಿತು. ಅಲಬಾಮದ ಟೇಪಿನ ಮೇಲೆ ಆಕೆ ಪಿಯಾನೊ ನುಡಿಸಿದಳು, ಆರ್ಗನ್ ನುಡಿಸಿದಳು, ಹಾಡಿದಳು, ತಂಗಿ ಕ್ಯಾರೊಲಿನ್ ಮತ್ತು ಅಕ್ಕ ಎರ್ಮಾ ಜೊತೆ ಹಿಂದಿನ ದನಿಯನ್ನೂ ಸೇರಿಸಿದಳು. ಕೇಳುವಾಗ ಎಲ್ಲಿ ಹೊಲಿಗೆ ಹಾಕಿದ್ದಾರೆ ಅಂತ ಕಾಣೋದೇ ಇಲ್ಲ. ಫೆಬ್ರವರಿಯಲ್ಲಿ ಸಿಂಗಲ್ ಹೊರಬಿತ್ತು. ರಿದಮ್ ಆಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಜಾಗ, ಸಾಮಾನ್ಯ ಪಟ್ಟಿಯಲ್ಲಿ 9. ಆರು ವರ್ಷದಲ್ಲಿ ಆಗದ್ದು ಆರು ವಾರದಲ್ಲಿ ಆಯಿತು ಅನ್ನಿ.

ಎಲ್‌ಪಿಗೆ ಇನ್ನೂ ಹಾಡು ಬೇಕಲ್ಲ. ಅರೀಥಾ ಮತ್ತೆ ಅಲಬಾಮಕ್ಕೆ ಹೋಗುವ ಮಾತೇ ಇಲ್ಲ. ವೆಕ್ಸ್‌ಲರ್ ಅಲ್ಲಿನ ಹುಡುಗರನ್ನೇ ನ್ಯೂಯಾರ್ಕಿಗೆ ಕರೆಸಿಕೊಂಡರು. ಸ್ಯಾಕ್ಸೊಫೋನಿನ ಕಿಂಗ್ ಕರ್ಟಿಸ್ ಅವರ ಒಂದು ರೆಕಾರ್ಡಿಂಗ್ ಇದೆ ಅಂತ ರಿಕ್ ಹಾಲ್‌ಗೆ ನೆಪ ಹೇಳಿ. ಹಾಲ್‌ಗೆ ಆಮೇಲೆ ಗೊತ್ತಾಗಿ ಉರಿದುಹೋಯಿತು. ನ್ಯಾಯ ಹಾಲ್ ಕಡೆಗಿದೆ ಅಂತ ನನಗೆ ಅನ್ನಿಸುತ್ತದೆ. ಹಾಡು ಮಾತ್ರ ವೆಕ್ಸ್‌ಲರ್ ಕಡೆಗಿದೆ.

ಈಗ 'ರೆಸ್ಪೆಕ್ಟ್'. ರೆಕಾರ್ಡ್ ಮಾಡಿದ್ದು ಫೆಬ್ರವರಿ 14ರಂದು. ಪ್ರೇಮಿಗಳ ದಿನ ಎಂಥ ಹಾಡು ನೋಡಿ!

ಹಾಡು ಗಾಯಕ ಓಟಿಸ್ ರೆಡಿಂಗ್ ಅವರದು, 1965ರದ್ದು. ಅದೂ ಚೆನ್ನಾಗಿ ಓಡಿತ್ತು. ಅಲ್ಲಿ ಕೇಳುವವನು ಗಂಡಸು. ದುಡಿದು ದುಡ್ಡು ತರುತ್ತೇನೆ, ಮನೆಗೆ ಬಂದಾಗ ನನಗೊಂದು ಮರ್ಯಾದೆ ಕೊಡು ಅನ್ನುತ್ತಾನೆ. ಅರೀಥಾ ಹಾಡನ್ನು ಮಗುಚಿ ಹಾಕಿದಳು. ಈಗ ದುಡ್ಡು ಹಿಡಿದುಕೊಂಡು ನಿಂತವಳು ಹೆಂಗಸು, ಮನೆಗೆ ಬರುವವನು ಗಂಡಸು. ಬರೀ ಅವನು ಅವಳು ಬದಲಾಯಿಸಿದ್ದಲ್ಲ, ಹಾಡಿನ ಕಟ್ಟಡವೇ ಬದಲಾಯಿತು. ಆರ್-ಇ-ಎಸ್-ಪಿ-ಇ-ಸಿ-ಟಿ ಅಂತ ಒಂದೊಂದೇ ಅಕ್ಷರ ಬಿಡಿಸಿ ಹೇಳೋದು ಓಟಿಸ್ ಹಾಡಿನಲ್ಲಿ ಇಲ್ಲವೇ ಇಲ್ಲ. ಮಗ್ಗಿ ಬಾರದ ಹುಡುಗನಿಗೆ ಮೇಷ್ಟ್ರು ಹೇಳಿಕೊಟ್ಟ ಹಾಗೆ. ಅಕ್ಕತಂಗಿಯರ ಹಿಂದಿನ ದನಿಯೂ ಇಲ್ಲ. ಅದನ್ನೆಲ್ಲ ಅರೀಥಾ ಮತ್ತು ಕ್ಯಾರೊಲಿನ್ ಸೇರಿ ಕಟ್ಟಿದ್ದು.

ನಡುವೆ ಒಂದು ಸ್ಯಾಕ್ಸೊಫೋನ್ ಬರುತ್ತದೆ, ಕಿಂಗ್ ಕರ್ಟಿಸ್ ಊದಿದ್ದು. ಓಟಿಸ್ ಹಾಡಿನಲ್ಲಿ ಇಂಥ ನಡುಭಾಗವೇ ಇಲ್ಲ. ಸ್ಯಾಮ್ ಮತ್ತು ಡೇವ್ ಹಾಡಿದ ಇನ್ನೊಂದು ಹಾಡಿನ ಕಾರ್ಡುಗಳನ್ನು ತಂದು ಇಲ್ಲಿ ಜೋಡಿಸಿದರು. ಶ್ರುತಿ ಗೊತ್ತಿದ್ದವರು ಗಮನಿಸಿ. ಹಾಡು ಇರೋದು ಸಿಯಲ್ಲಿ. ಸ್ಯಾಕ್ಸ್ ಬಂದಾಗ ಎಫ್ ಶಾರ್ಪ್ ಮೈನರ್‌ಗೆ ಜಿಗಿಯುತ್ತದೆ. ನಮ್ಮ ಲೆಕ್ಕದಲ್ಲಿ ಷಡ್ಜ ಬಿಟ್ಟು ಪ್ರತಿಮಧ್ಯಮದ ಮೇಲೆ ಹೋಗಿ ನಿಂತ ಹಾಗೆ. ಇದಕ್ಕಿಂತ ದೂರದ ಜಾಗ ಇಲ್ಲ. ಕೇಳುವವರಿಗೆ ಇದ್ಯಾವುದೂ ಗೊತ್ತಾಗೋದಿಲ್ಲ, ಯಾರೋ ಕಿಟಕಿ ತೆಗೆದ ಹಾಗೆ ಅನ್ನಿಸುತ್ತದೆ ಅಷ್ಟೆ.

ಇನ್ನೊಂದು ಚೂರು. ಅರೀಥಾಳನ್ನು ಮನೆಯಲ್ಲಿ 'ರೀ' ಅಂತ ಕರೆಯುತ್ತಿದ್ದರು. ರೆಸ್ಪೆಕ್ಟ್ ಅನ್ನೋ ಪದದ ಮೊದಲ ಅಕ್ಷರವೂ ಅದೇ ಆಯಿತು, ಅರೀಥಾಳ ಹೆಸರೂ ಅದೇ ಆಯಿತು ಅಂತ ಹಿಂದಿನ ದನಿಯವರು ರೀ ರೀ ರೀ ರೀ ಅಂತ ಸುರಿಮಳೆ ಹಾಡುತ್ತಾರೆ. (ಇಲ್ಲಿ ಹಾಕಿ ತೋರಿಸಿದೆ. ಸಭೆ ನಕ್ಕಿತು.) ನನ್ನ ಕ್ಯಾಸೆಟ್ ಮೊದಲ ಸಲ ಹಾಕಿದಾಗ ನಮ್ಮಮ್ಮ ಅಡುಗೆಮನೆಯಿಂದ ಕೇಳಿದ್ದು, 'ಯಾರೋ ಅದು, ಅಷ್ಟು ಹೊತ್ತು ಗಂಡನ್ನ ಕೂಗ್ತಾ ಇರೋಳು?' ಅಂತ. ಆಗ ನಕ್ಕಿದ್ದೆ. ಆಮೇಲೆ ಯೋಚಿಸಿದರೆ ಅಮ್ಮ ಪೂರ್ತಿ ತಪ್ಪೇನಲ್ಲ. ಮರ್ಯಾದೆ ಕೊಡೋದಕ್ಕೆ ನಮ್ಮಲ್ಲಿ ಇರೋ ಪದವೇ ಅದು, ರೀ. ನಮ್ಮ ಮನೆಯಲ್ಲಿ ಅದು ಒಂದೇ ದಿಕ್ಕಿಗೆ ಹೋಗುತ್ತಿತ್ತು. ಅಪ್ಪ ಅಮ್ಮನನ್ನು ರೀ ಅಂದದ್ದು ನಾನು ಕೇಳಿಲ್ಲ.

'ರೆಸ್ಪೆಕ್ಟ್' ಏಪ್ರಿಲ್‌ನಲ್ಲಿ ಸಿಂಗಲ್ ಆಗಿ ಬಂದು ಜೂನ್ ಮೊದಲ ವಾರಕ್ಕೆ ಇಡೀ ಅಮೆರಿಕದ ಪಟ್ಟಿಯಲ್ಲಿ ಮೊದಲ ಜಾಗಕ್ಕೆ ಏರಿತು. ಎಲ್‌ಪಿ ಎರಡನೇ ಜಾಗದವರೆಗೆ ಹೋಯಿತು. ಮರುವರ್ಷ ಎರಡು ಗ್ರ್ಯಾಮಿ ಪ್ರಶಸ್ತಿ. ನಾಗರಿಕ ಹಕ್ಕಿನ ಹೋರಾಟದವರೂ ಹೆಂಗಸರ ಸಂಘಟನೆಗಳೂ ಇದು ನಮ್ಮ ಹಾಡು ಅಂದರು. ಓಟಿಸ್ ಅದೇ ಜೂನ್‌ನಲ್ಲಿ ಮಾಂಟೆರೆ ಸಂಗೀತೋತ್ಸವದ ವೇದಿಕೆ ಮೇಲೆ, ಈ ಹಾಡನ್ನು ಒಬ್ಬ ಹುಡುಗಿ ನನ್ನಿಂದ ಕಿತ್ತುಕೊಂಡಳು ಅಂತ ನಗುತ್ತಾ ಹೇಳಿದರು. ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು. 26 ವರ್ಷ.

ದುಡ್ಡಿನ ಲೆಕ್ಕ ಮಾತ್ರ ಬೇರೆ. ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೊದಲ್ಲಿ ಹಾಡು ಬಂದರೆ ಬರೆದವರಿಗೆ ದುಡ್ಡು ಸಿಗುತ್ತದೆ, ಹಾಡಿದವರಿಗೆ ಇಲ್ಲ. ಕಾನೂನೇ ಹಾಗಿದೆ. ಅರೀಥಾ 2018ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ರೇಡಿಯೊದಲ್ಲಿ 'ರೆಸ್ಪೆಕ್ಟ್' ಬಂದಾಗಲೆಲ್ಲ ದುಡ್ಡು ಹೋದದ್ದು ಓಟಿಸ್ ಹೆಸರಿನ ಲೆಕ್ಕಕ್ಕೆ. ಅಕ್ಷರ ಬಿಡಿಸಿ ಹೇಳಿದ್ದಕ್ಕೆ ಕೂಲಿ ಇಲ್ಲ.

ಉಳಿದ ಹಾಡುಗಳನ್ನು ಬೇಗ ಹೇಳಿಬಿಡುತ್ತೇನೆ, ಗ್ರಂಥಾಲಯದವರು ಗಡಿಯಾರ ನೋಡುತ್ತಿದ್ದಾರೆ. ಒಟ್ಟು 11 ಹಾಡು. 'ಡಾಕ್ಟರ್ ಫೀಲ್‌ಗುಡ್' ಆಕೆ ಗಂಡನ ಜೊತೆ ಬರೆದದ್ದು, ನಿಧಾನದ ಬ್ಲೂಸ್. ಮಕ್ಕಳ ಎದುರು ಅರ್ಥ ಹೇಳೋ ಹಾಗಿಲ್ಲ. ಪಿಯಾನೊ ಕೇಳಬೇಕು ಅಂದರೆ ಇದನ್ನೇ ಕೇಳಿ. 'ಡ್ರೌನ್ ಇನ್ ಮೈ ಓನ್ ಟಿಯರ್ಸ್' ರೇ ಚಾರ್ಲ್ಸ್ ಹಾಡಿ ಹೆಸರಾದದ್ದು. ಭಕ್ತಿಗೀತೆಯ ಧಾಟಿಗೆ ಪ್ರೇಮದ ಮಾತು ಹಾಕಿ ಚರ್ಚಿನವರಿಂದ ಬೈಸಿಕೊಂಡವರಲ್ಲಿ ಅವರೂ ಒಬ್ಬರು. 'ಸೋಲ್ ಸೆರೆನೇಡ್' ನನಗೆ ಅಷ್ಟೇನೂ ಹಿಡಿಸಿಲ್ಲ. ಹಿಡಿಸಿದವರು ಆಮೇಲೆ ಜಗಳಕ್ಕೆ ಬನ್ನಿ.

ಕೊನೆಯದು, ನನ್ನ ಕ್ಯಾಸೆಟ್ಟಿನಲ್ಲಿ ಅರ್ಧಕ್ಕೆ ನಿಂತದ್ದು, 'ಎ ಚೇಂಜ್ ಈಸ್ ಗೊನ್ನಾ ಕಮ್'. ಬರೆದು ಹಾಡಿದವರು ಸ್ಯಾಮ್ ಕುಕ್. ಅವರೂ ಪಾದ್ರಿಯ ಮಗ, ಚರ್ಚಿನಿಂದ ಬಂದವರು, ಫ್ರಾಂಕ್ಲಿನ್ ಮನೆಗೆ ಬೇಕಾದವರು. ಅರೀಥಾಗೆ ಹುಡುಗಿಯಾಗಿದ್ದಾಗಿನಿಂದ ಅವರೆಂದರೆ ಪ್ರಾಣ. 1964ರ ಡಿಸೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಈ ಹಾಡು ಸಿಂಗಲ್ ಆಗಿ ಹೊರಬಂದದ್ದು ಅವರು ಸತ್ತ ಮೇಲೆ. ಕುಕ್ ಹಾಡಿದ್ದರಲ್ಲಿ ಪಿಟೀಲು, ಕಹಳೆ, ದೊಡ್ಡ ಮೇಳವೇ ಇದೆ. ಅರೀಥಾ ಅದನ್ನೆಲ್ಲ ಹೊರಗಿಟ್ಟಳು. ಹಾಡು ಶುರುವಾಗುವ ಮುಂಚೆ ತಾನೇ ಒಂದು ಸಾಲು ಸೇರಿಸಿದಳು. ಹಳೇ ಸ್ನೇಹಿತರೊಬ್ಬರು ಹೇಳಿದ ಮಾತು ಮನಸ್ಸಿಗೆ ತಾಗಿತು, ಅದು ಹೀಗೆ ಶುರುವಾಗುತ್ತದೆ ಅಂತ. ಹೆಸರು ಹೇಳುವುದಿಲ್ಲ.

ನಾನು ಹತ್ತು ವರ್ಷ ಆ ಸ್ನೇಹಿತರು ಏನು ಹೇಳಿ ಮುಗಿಸಿದರು ಅಂತ ಗೊತ್ತಿಲ್ಲದೆ ಇದ್ದವನು. ಈಗ ಪೂರ್ತಿ ಹಾಕುತ್ತೇನೆ. ನಾಲ್ಕು ನಿಮಿಷ ಚಿಲ್ಲರೆ. ಫ್ಯಾನ್ ಸದ್ದು ಜಾಸ್ತಿ ಇದೆ, ಆ ಸ್ವಿಚ್ ಹತ್ತಿರ ಕೂತವರು ಸ್ವಲ್ಪ ಆರಿಸಿಬಿಡಿ.